ಮೊದಲ ಚೌಕ ಕೆಳಗೆ

ಭಾನುವಾರ ಮಹಾಂತೇಶನ ಜೆರಾಕ್ಸ್ ಅಂಗಡಿಯ ಷಟರ್ ಅರ್ಧಕ್ಕೆ ಎತ್ತಿರುತ್ತಿತ್ತು. ಚಳ್ಳಕೆರೆ ಬಸ್ ನಿಲ್ದಾಣದ ಹಿಂದಿನ ಆ ಅಂಗಡಿಗೆ ಅವತ್ತು ಗಿರಾಕಿಗಳು ಬರುತ್ತಿರಲಿಲ್ಲ, ಕಾಮಿಕ್ಸ್ ಓದುವವರು ಬರುತ್ತಿದ್ದರು. ಕಾಗದದ ಬಂಡಲ್‌ಗಳ ಮೇಲೆ ಕೂತು, ಮೊಬೈಲಿನಲ್ಲಿ ಓದಿದ ಜಪಾನಿನ ಮಂಗಾ, ಕೊರಿಯಾದ ವೆಬ್‌ಕಾಮಿಕ್ಸ್, ಮಹಾಂತೇಶ ಹೇಗೋ ತರಿಸಿಟ್ಟಿದ್ದ ಕೆಲವು ಗ್ರಾಫಿಕ್ ಕಾದಂಬರಿಗಳು, ಇವುಗಳ ಮೇಲೆ ಜಗಳವಾಡುತ್ತಿದ್ದರು. ಜಗಳ ಕಥೆಯ ಬಗ್ಗೆ ಕಡಿಮೆ, ಬರೆದವರ ಬಗ್ಗೆ ಜಾಸ್ತಿ. ಯಾವ ಕಲಾವಿದ ಮುಖ ಮಾತ್ರ ತಾನು ಬರೆದು ಮನೆ, ಮರ, ಬೀದಿಯನ್ನೆಲ್ಲ ಸಹಾಯಕರ ಕೈಲಿ ಬರೆಸುತ್ತಾನೆ, ಯಾರು ಇನ್ನೂ ಮಸಿ ಬಿಟ್ಟು ಕಂಪ್ಯೂಟರಿಗೆ ಬಂದಿಲ್ಲ, ಯಾರು ವಾರವಾರ ಅಧ್ಯಾಯ ಕೊಟ್ಟು ಬೆನ್ನು ಹಾಳುಮಾಡಿಕೊಂಡ, ಇಂಥವು.

ಪದ್ಮಶ್ರೀ ಅಲ್ಲಿ ಮಾತಾಡುತ್ತಿದ್ದದ್ದು ಕಡಿಮೆ. ಅವಳು ಮೊಳಕಾಲ್ಮೂರಿನ ನೇಕಾರರ ಮನೆಯವಳು. ಚಳ್ಳಕೆರೆಯಲ್ಲಿ ಬಿ.ಎ. ಓದುತ್ತ ಹಾಸ್ಟೆಲಿನಲ್ಲಿದ್ದಳು. ಹಾಸ್ಟೆಲಿನ ಲೈಬ್ರರಿಯಲ್ಲಿ ಚಿತ್ರವಿದ್ದ ಪುಸ್ತಕವೆಲ್ಲ ಮುಗಿದ ಮೇಲೆ ಈ ಅಂಗಡಿ ಸಿಕ್ಕಿತ್ತು. ಮಾತು ಕಡಿಮೆಯಾದರೂ ಅವಳು ಒಂದು ವಾರವೂ ತಪ್ಪಿಸಿರಲಿಲ್ಲ.

ಹೆಚ್ಚು ಮಾತಾಡುತ್ತಿದ್ದವನು ರಾಮಾಂಜನೇಯ. ದೇವಸಮುದ್ರದ ಕಡೆಯವನು, ಮನೆಯಲ್ಲಿ ಕುರಿ, ಕಾಲೇಜಿನಲ್ಲಿ ಅವಳಿಗಿಂತ ಒಂದು ವರ್ಷ ಮುಂದೆ. ಕಲಾವಿದರನ್ನು ಅಳೆಯಲು ಅವನ ಹತ್ತಿರ ಇದ್ದದ್ದು ಒಂದೇ ಪರೀಕ್ಷೆ, ಪಾದ. ಮುಖ ಯಾರಾದರೂ ಬರೆಯುತ್ತಾರೆ, ಪಾದ ಬರೆಯಲು ಬಾರದವನು ಅಲ್ಲಿ ಹುಲ್ಲು ಬರೆದು ಮುಚ್ಚುತ್ತಾನೆ ಎನ್ನುವುದು ಅವನ ವಾದ. ಎಷ್ಟು ದೊಡ್ಡ ಹೆಸರಿನವರ ಪುಟ ತೋರಿಸಿದರೂ ಅವನ ಕಣ್ಣು ಮೊದಲು ಕಾಲಬುಡಕ್ಕೆ ಹೋಗುತ್ತಿತ್ತು.

ಆ ಭಾನುವಾರ ಬೆಳಗ್ಗೆ ಪದ್ಮಶ್ರೀಗೆ ಬೆಂಗಳೂರಿನಿಂದ ಒಂದು ಸಂದೇಶ ಬಂದಿತ್ತು. ಕನ್ನಡ ಕಾಮಿಕ್ಸ್‌ಗಳ ಸಂಕಲನವೊಂದನ್ನು ತರುತ್ತಿದ್ದ ಸಂಪಾದಕಿ ಬರೆದಿದ್ದರು. 'ಲಾಳಿ' ಎಂಬ ಹೆಸರಿನಲ್ಲಿ ನೀವು ಹಾಕಿರುವ ಉದ್ದನೆಯ ವೆಬ್‌ಕಾಮಿಕ್ ನೋಡಿ ಕಣ್ಣೀರು ಬಂತು, ಅದನ್ನು 'ಕೊನೆಯ ಮಗ್ಗ' ಎಂಬ ಶೀರ್ಷಿಕೆಯಲ್ಲಿ ಪುಸ್ತಕದ ಮೊದಲ ಕೃತಿಯಾಗಿ ಹಾಕಬೇಕೆಂದಿದ್ದೇವೆ, ನಿಮ್ಮ ನಿಜವಾದ ಹೆಸರು ತಿಳಿಸಿ, ಎಂದು.

ಲಾಳಿ ಅವಳೇ. ಅಂಗಡಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಅವರು ಕರುಣೆ ತೋರಿಸುತ್ತಿದ್ದರು, ಇಲ್ಲ ಕಾಲೆಳೆಯುತ್ತಿದ್ದರು. ಅವಳಿಗೆ ಎರಡೂ ಬೇಕಿರಲಿಲ್ಲ. ಅಚ್ಚಾದ ಪುಸ್ತಕದಲ್ಲಿ ಚಿತ್ರದ ಕೆಳಗೆ ತನ್ನ ಹೆಸರು ಇರಬೇಕು ಎನ್ನುವುದು ಹೈಸ್ಕೂಲಿನಿಂದ ಇದ್ದ ಆಸೆ. ಅದು ಕೈಗೆ ಬಂದಿತ್ತು. ಆದರೆ 'ಕೊನೆಯ' ಎನ್ನುವ ಪದ ಎಲ್ಲಿಂದ ಬಂತೆಂದು ಅವಳಿಗೆ ಹೊಳೆಯಲಿಲ್ಲ. ಅವಳು ಬರೆದದ್ದು ಮಾತಿಲ್ಲದ ಕಥೆ, ಶೀರ್ಷಿಕೆಯನ್ನೇ ಇಟ್ಟಿರಲಿಲ್ಲ.

ಅದು ಅರ್ಥವಾದದ್ದು ಅಂಗಡಿಯಲ್ಲಿ. ಮಹಾಂತೇಶ ಎಲ್ಲರಿಗೂ ಕಾಣುವಂತೆ ಅದನ್ನೇ ಕಂಪ್ಯೂಟರಿನಲ್ಲಿ ತೆರೆದಿಟ್ಟಿದ್ದ. ಮೇಲಿನಿಂದ ಕೆಳಕ್ಕೆ ಸರಿಸುತ್ತ ಒಂದೊಂದು ಚೌಕವನ್ನೂ ಬಿಡಿಸಿ ಹೇಳಿದ. ಮೊದಲು ಮಗ್ಗದ ಮುಂದೆ ಕೂತ ಹುಡುಗಿ, ತುಂಬಿದ ಸೀರೆ. ಆಮೇಲೆ ಸೀರೆ ಗಿಡ್ಡವಾಗುತ್ತ ಹೋಗುತ್ತದೆ. ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ಹಾಸಿನ ಎಳೆಗಳು ಖಾಲಿ ಉಳಿಯುತ್ತವೆ. ಅಪ್ಪ ಮಗ್ಗದ ಬೆಣೆಗಳನ್ನು ಬಿಚ್ಚುತ್ತಾನೆ. ಹಗ್ಗ ಕಟ್ಟಿ ತುಂಡುಗಳನ್ನು ಅಟ್ಟಕ್ಕೆ ಏರಿಸುತ್ತಾನೆ. ಕೊನೆಗೆ ಅಟ್ಟದ ಕತ್ತಲೆ, ಧೂಳು, ಜೇಡರಬಲೆ. ಮುಗೀತು. ಇಂಥ ಸಾವನ್ನು ಒಂದು ಮಾತೂ ಇಲ್ಲದೆ ಹೇಳಿದವನು ಸಾಮಾನ್ಯ ಕಲಾವಿದನಲ್ಲ ಎಂದ ಮಹಾಂತೇಶ.

ಪದ್ಮಶ್ರೀ ಕೂತಲ್ಲೇ ಕೂತಿದ್ದಳು. ಅವಳ ಕಥೆ ಅಟ್ಟದಿಂದ ಶುರುವಾಗುತ್ತಿತ್ತು. ಇವರು ತುದಿಯಿಂದ ಬುಡಕ್ಕೆ ಓದಿದ್ದರು. ಅಟ್ಟದಿಂದ ಇಳಿದ ಮಗ್ಗ ಇವರ ಓದಿನಲ್ಲಿ ಅಟ್ಟ ಹತ್ತಿತ್ತು.

ತಪ್ಪು ಅವರದಲ್ಲ ಎನ್ನುವುದು ಅವಳಿಗೆ ಆ ಗಳಿಗೆಯಲ್ಲೇ ತಿಳಿಯಿತು. ಬೇಸಿಗೆ ರಜೆಯಲ್ಲಿ, ಅಪ್ಪನ ಹತ್ತಿರ ಉಳಿದಿದ್ದ ಗ್ರಾಫ್ ಹಾಳೆಗಳನ್ನು ಉದ್ದಕ್ಕೆ ಅಂಟಿಸಿಕೊಂಡು, ಮಗ್ಗದ ಪಕ್ಕದಲ್ಲೇ ಕೂತು ಬರೆದ ಚಿತ್ರ ಅದು. ಸೀರೆಯ ಬುಟ್ಟಾ, ಅಂಚು ಎಲ್ಲವನ್ನೂ ಮೊದಲು ಆ ಹಾಳೆಯ ಮೇಲೆಯೇ ಬರೆಯುತ್ತಾರೆ. ಹೂವಿನ ಮೊದಲ ಸಾಲು ಹಾಳೆಯ ಬುಡದಲ್ಲಿ. ಕೆಳಗಿನ ಸಾಲು ನೇಯ್ದ ಮೇಲೆ ಅದರ ಮೇಲಿನದು. ಬಟ್ಟೆ ಬೆಳೆಯುವುದೇ ಹಾಗೆ, ನೇಯುವವನ ಹೊಟ್ಟೆಯ ಕಡೆಯಿಂದ ಆಚೆಗೆ. ಓದು ಬರಹ ಕಲಿಯುವ ಮುಂಚೆಯೇ ಅವಳು ಗ್ರಾಫ್ ಓದಲು ಕಲಿತಿದ್ದಳು. ಆ ಹಾಳೆ ಕೈಗೆ ಸಿಕ್ಕರೆ ಪೆನ್ಸಿಲ್ ತಾನಾಗಿ ಕೆಳಗಿನ ಸಾಲಿಗೆ ಹೋಗುತ್ತಿತ್ತು. ನೂರಾರು ವೆಬ್‌ಕಾಮಿಕ್ಸ್ ಮೇಲಿನಿಂದ ಕೆಳಕ್ಕೆ ಓದಿದವಳು, ತನ್ನದನ್ನು ಕೆಳಗಿನಿಂದ ಮೇಲಕ್ಕೆ ಬರೆದು, ಫೋಟೋ ತೆಗೆದು, ಹಾಕಿಬಿಟ್ಟಿದ್ದಳು. ಅನುಮಾನವೇ ಬಂದಿರಲಿಲ್ಲ.

ರಾಮಾಂಜನೇಯನಿಗೆ ಆ ಕಾಮಿಕ್ ಹಿಡಿಸಿರಲಿಲ್ಲ. ಕೈ ಕಟ್ಟಿಕೊಂಡು ಗೋಡೆಗೊರಗಿ ನಿಂತಿದ್ದವನು ಈಗ ಬಾಯಿ ತೆರೆದ.

"ಯಾವನೋ ಬೆಂಗಳೂರೋನು. ಕ್ಯಾಮೆರಾ ಹಿಡ್ಕಂಡು ಬಂದು ಎರಡು ದಿನ ಇದ್ದು ಹೋಗಿರ್ತಾನೆ. ನಮ್ಮ ಕಡೆ ಬಗ್ಗೆ ಬರೆಯೋರಿಗೆಲ್ಲ ಒಂದು ಹೆಣ ಬೇಕು ಕಣಲೇ. ಹೆಣ ಸಿಗ್ಲಿಲ್ಲ ಅಂದ್ರೆ ಮಗ್ಗನಾದ್ರೂ ಸಾಯಿಸ್ತಾರೆ."

ಮಹಾಂತೇಶ ಒಪ್ಪಲಿಲ್ಲ. ಬೆಣೆ ಎಲ್ಲೆಲ್ಲಿ ಕೂರುತ್ತದೆ ಎಂದು ಹೊರಗಿನವನಿಗೆ ಗೊತ್ತಿರಲು ಸಾಧ್ಯವಿಲ್ಲ ಎಂದ. ರಾಮಾಂಜನೇಯ ಪರದೆಯ ಹತ್ತಿರ ಬಗ್ಗಿ, ಪಾದ ಒಂದಾದರೂ ಇದೆಯೇ ತೋರಿಸು ಎಂದ. ಇರಲಿಲ್ಲ. ಎಲ್ಲ ಚೌಕಗಳಲ್ಲೂ ಜನ ಮೊಣಕಾಲಿನವರೆಗೆ ಮಾತ್ರ ಇದ್ದರು.

"ಗುಂಡಿಮಗ್ಗ ಅಲ್ವಾ ಅಣ್ಣ," ಎಂದಳು ಪದ್ಮಶ್ರೀ. ಅವತ್ತು ಅವಳು ಆಡಿದ ಮೊದಲ ಮಾತು ಅದು. "ಕಾಲು ಗುಂಡಿಯೊಳಗೆ ಇರ್ತವೆ."

"ಹುಲ್ಲಿನ ಬದಲು ಗುಂಡಿ," ಎಂದ ರಾಮಾಂಜನೇಯ. ಎಲ್ಲರೂ ನಕ್ಕರು. ಅವಳೂ ನಕ್ಕಳು, ಬೇರೆ ದಾರಿ ಇರಲಿಲ್ಲ.

ಅವತ್ತೇ ಸಂಜೆ ಮನೆಗೆ ಹೊರಟು, ಮೊಳಕಾಲ್ಮೂರಿನ ಬಸ್ಸಿನಲ್ಲಿ ಕೂತು ಬಿ.ಜಿ. ಕೆರೆ ದಾಟುವವರೆಗೂ ಅವಳು ಚಿತ್ರದ ಕೆಳಗಿನ ಪ್ರತಿಕ್ರಿಯೆಗಳನ್ನು ಓದಿದಳು. ಹೊಗಳಿಕೆ ಇಷ್ಟಿರುತ್ತದೆಂದು ಅವಳು ಎಣಿಸಿರಲಿಲ್ಲ. ಅಳುವ ಮುಖಗಳು, ಕೈಮುಗಿದ ಗುರುತುಗಳು. ಸಾಯುತ್ತಿರುವ ಕಲೆಗೆ ನಮನ. ಒಂದು ಯುಗದ ಅಂತ್ಯ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಅನ್ನಿಸಿತು. ಹೀಗೆ ಓದಿದರೂ ಕಥೆ ಕಥೆಯೇ, ಬರೆದದ್ದು ತಾನೇ. ಪುಸ್ತಕದಲ್ಲಿ ಮೊದಲನೆಯದು, ಕೆಳಗೆ ತನ್ನ ಹೆಸರು. ಹಾನಗಲ್ ಹತ್ತಿರ ಬರುವ ಹೊತ್ತಿಗೆ ಅವಳು ಒಪ್ಪಿಗೆಯ ಉತ್ತರವನ್ನು ಅರ್ಧ ಟೈಪ್ ಮಾಡಿದ್ದಳು.

ಮನೆಯಲ್ಲಿ ಮಗ್ಗ ನಡೆಯುತ್ತಿತ್ತು. ಕೊರೋನಾ ಹೊತ್ತಿನಲ್ಲಿ ಸೀರೆ ಕೇಳುವವರಿಲ್ಲದೆ ಅಪ್ಪ ಸೂರಪ್ಪ ಅದನ್ನು ಬಿಚ್ಚಿ ಅಟ್ಟಕ್ಕೆ ಹಾಕಿ, ಗೂಡ್ಸ್ ಆಟೋ ಓಡಿಸಿದ್ದ. ಆಮೇಲೆ ಒಂದು ದಿನ ಮಗ್ಗವನ್ನು ಇಳಿಸಿದ. ದೊಡ್ಡ ಆದರ್ಶವೇನೂ ಇರಲಿಲ್ಲ. ಆಟೋ ಓಡಿಸಿ ಸೊಂಟ ಹಿಡಿದಿತ್ತು, ಸೀರೆಗೆ ಮತ್ತೆ ಬೇಡಿಕೆ ಬಂದಿತ್ತು. ಬಡಗಿ ಬರುತ್ತೇನೆಂದು ಬರಲಿಲ್ಲ. ಅಪ್ಪ, ಅಮ್ಮ, ಅವಳು ಸೇರಿ ಬೆಣೆ ಬಡಿದರು. ಸೊಟ್ಟಗೆ ಕೂತದ್ದನ್ನು ಬಿಚ್ಚಿ ಮತ್ತೆ ಕೂರಿಸಿದರು. ಮೊದಲ ಸೀರೆ ಇಳಿದ ದಿನ ಅಮ್ಮ ಪಾಲಮ್ಮ ಅದನ್ನು ಬೀದಿಯವರಿಗೆಲ್ಲ ಕರೆದು ತೋರಿಸಿದ್ದಳು. ಪದ್ಮಶ್ರೀ ಬರೆದದ್ದು ಅದನ್ನೇ.

ಅವಳು ಅಮ್ಮನಿಗೆ ಪ್ರತಿಕ್ರಿಯೆಗಳನ್ನು ಓದಿ ಹೇಳುತ್ತಿದ್ದಳು. ಜಂಬದಿಂದಲೇ ಓದಿದಳು. ನೇಕಾರನ ಆತ್ಮಕ್ಕೆ ಶಾಂತಿ ಸಿಗಲಿ ಎಂದು ಯಾರೋ ಬರೆದದ್ದನ್ನು ಓದಿದಾಗ ಮಗ್ಗದ ಸದ್ದು ನಿಂತಿತು.

"ಎವರು ಪೋಯಿನಾರು?" ಎಂದು ಅಪ್ಪ ಕೇಳಿದ. ಮನೆಯಲ್ಲಿ ಮಾತು ತೆಲುಗು. ಯಾರು ತೀರಿಕೊಂಡರು ಎಂದು ಅವನು ಕೇಳಿದ್ದು ತಮಾಷೆಗಲ್ಲ, ನಿಜವಾಗಿಯೂ ಬೀದಿಯಲ್ಲಿ ಯಾರೋ ಹೋದರೆಂದುಕೊಂಡಿದ್ದ.

ಪದ್ಮಶ್ರೀ ಅಮ್ಮನ ಮುಖ ನೋಡಿದಳು. ಅಮ್ಮ ಮೊಬೈಲಿನ ಪರದೆಯ ಕಡೆ ನೋಡುತ್ತಿದ್ದಳು. ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಅಪ್ಪ ಮತ್ತೆ ಲಾಳಿ ಎಳೆದ. ಟೈಪ್ ಮಾಡಿದ್ದನ್ನು ಅವಳು ಅಲ್ಲೇ ಅಳಿಸಿದಳು. ಕೂತು ನೇಯುತ್ತಿರುವ ಮನುಷ್ಯನಿಗೆ ಬಂದ ಶ್ರದ್ಧಾಂಜಲಿ ತೆಗೆದುಕೊಂಡು ಅದರ ಕೆಳಗೆ ತಾನು ರುಜು ಹಾಕಲು ಹೊರಟಿದ್ದಳು.

ಮರುದಿನ ಸಂಪಾದಕಿಗೆ ಫೋನ್ ಮಾಡಿ ವಿಷಯ ಹೇಳಿದಳು. ಅವರು ಮೊದಲು ನಕ್ಕರು, ಆಮೇಲೆ ಗಂಭೀರವಾದರು. ಓದುಗರು ಅತ್ತಿದ್ದಾರೆ, ಆ ಓದನ್ನು ಕೈಬಿಡುವುದು ತಪ್ಪು ಎಂದರು. ಹಾಗೆ ಬೇಡವೆಂದರೆ ಚೌಕಗಳನ್ನು ಕತ್ತರಿಸಿ ಮೇಲಿನಿಂದ ಜೋಡಿಸೋಣ ಎಂದರು. ಅದು ಆಗುವಂತಿರಲಿಲ್ಲ. ಹಾಸಿನ ಎಳೆಗಳು ಕೆಳಗಿನ ಚೌಕದಿಂದ ತುದಿಯ ಚೌಕದವರೆಗೆ, ನಡುವಿನ ಗೆರೆಗಳನ್ನೂ ದಾಟಿ, ಒಂದೇ ಸಮನೆ ಹೋಗಿದ್ದವು. ಇಡೀ ಚಿತ್ರ ಒಂದು ಸೀರೆ. ಕತ್ತರಿಸಿದರೆ ಚಿಂದಿ.

ಕನ್ನಡದವರು ಕೆಳಗಿನಿಂದ ಮೇಲಕ್ಕೆ ಓದುವುದಿಲ್ಲವಲ್ಲ ಎಂದರು ಸಂಪಾದಕಿ.

ಪದ್ಮಶ್ರೀಗೆ ರಾಮಾಂಜನೇಯ ಯಾವತ್ತೋ ಅಂಗಡಿಯಲ್ಲಿ ಹೇಳಿದ್ದು ನೆನಪಾಯಿತು. ಜಪಾನಿನಲ್ಲಿ ಬಲದಿಂದ ಎಡಕ್ಕೆ ಓದುವ ಮಂಗಾವನ್ನು ಹೊರದೇಶದವರು ಮೊದಮೊದಲು ಎಡದಿಂದ ಓದಲು ಅನುಕೂಲವಾಗಲೆಂದು ಚಿತ್ರಗಳನ್ನೇ ಕನ್ನಡಿಯ ಹಾಗೆ ತಿರುಗಿಸಿ ಅಚ್ಚು ಹಾಕುತ್ತಿದ್ದರು. ಕತ್ತಿ ಹಿಡಿದವರೆಲ್ಲ ಎಡಚರಾದರು. ಆಮೇಲೆ ಬುದ್ಧಿ ಬಂದು ಇದ್ದ ಹಾಗೆ ಹಾಕಿದರು, ಓದುಗರೇ ಬಲದಿಂದ ಓದಲು ಕಲಿತರು.

"ಜಪಾನಿನವರಿಗೋಸ್ಕರ ಬಲಗಡೆಯಿಂದ ಓದ್ತೀವಲ್ಲ ಮೇಡಂ," ಎಂದಳು ಅವಳು. "ಮೊಳಕಾಲ್ಮೂರಿಗೋಸ್ಕರ ಒಂದ್ಸಲ ಕೆಳಗಡೆಯಿಂದ ಓದ್ಲಿ. ಆಗಲ್ಲ ಅಂದ್ರೆ ಬಿಡಿ, ನಾನು ಕೊಡಲ್ಲ."

ಫೋನ್ ಇಟ್ಟಳು. ಹೆಸರು ಬರುವ ಪುಸ್ತಕವನ್ನು ತಾನೇ ತಳ್ಳಿಬಿಟ್ಟೆ ಎಂದು ಅವಳಿಗೆ ಗೊತ್ತಿತ್ತು. ಪಶ್ಚಾತ್ತಾಪ ಬರಲಿ ಎಂದು ಕಾದಳು, ಬರಲಿಲ್ಲ.

ಮುಂದಿನ ಭಾನುವಾರ ಅಂಗಡಿಯಲ್ಲಿ, ಚಹಾ ಬರುವ ಮುಂಚೆ, ಲಾಳಿ ನಾನೇ ಎಂದು ಹೇಳಿದಳು. ಯಾರೂ ನಂಬಲಿಲ್ಲ. ಗ್ರಾಫ್ ಹಾಳೆಯ ಮೂಲ ಚಿತ್ರವನ್ನು ಚೀಲದಿಂದ ತೆಗೆದು, ಮಹಾಂತೇಶನ ಮೇಜಿನ ತುದಿಯಿಂದ ನೆಲಕ್ಕೆ ಇಳಿಬಿಟ್ಟಳು. ಕೆಳಗಿನಿಂದ ನೋಡಿ ಎಂದಳು.

ರಾಮಾಂಜನೇಯ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತ. ಅಟ್ಟದ ಕತ್ತಲೆಯಿಂದ ಶುರುಮಾಡಿದ. ಹಗ್ಗ, ಇಳಿಯುವ ತುಂಡುಗಳು, ಬೆಣೆ, ಖಾಲಿ ಎಳೆಗಳು. ಸೀರೆ ಬೆಳೆದ ಹಾಗೆ ಅವನೂ ಮೇಲೇಳುತ್ತ ಬಂದ. ಹುಡುಗಿಯ ಚೌಕ ಮುಟ್ಟುವ ಹೊತ್ತಿಗೆ ನೆಟ್ಟಗೆ ನಿಂತಿದ್ದ.

"ಹೆಣ ಇಲ್ಲ," ಎಂದ.

"ಇಲ್ಲ," ಎಂದಳು ಪದ್ಮಶ್ರೀ.

ಊರೆಲ್ಲ ಅತ್ತು ಕಳಿಸಿದ ಹೊಗಳಿಕೆಗಿಂತ ಅವಳಿಗೆ ಈ ಎರಡು ಪದ ತೂಕವಾಗಿದ್ದವು. ಆದರೂ ಮುಖದ ಮೇಲೆ ತೋರಿಸಿಕೊಳ್ಳಲಿಲ್ಲ.

ಸಂಪಾದಕಿಯ ಉತ್ತರ ಬಂದದ್ದು ಅದೇ ವಾರ. ಚಿತ್ರವನ್ನು ಇದ್ದ ಹಾಗೆ, ಮಡಚಿದ ಉದ್ದ ಹಾಳೆಯಾಗಿ ಹಾಕುತ್ತೇವೆ. ಆದರೆ ಮೊದಲ ಕೃತಿಯಾಗಿ ಅಲ್ಲ, ಪುಸ್ತಕದ ಕೊನೆಯಲ್ಲಿ. ಎಲ್ಲಿಂದ ಓದಬೇಕೆಂದು ತಿಳಿಸುವ ಒಂದು ಚೌಕವನ್ನು ನೀವೇ ಬರೆದು ಕಳಿಸಬೇಕು. ಕೊನೆಗೆ ತಳ್ಳಿದ್ದು ಮಹಾಂತೇಶನಿಗೆ ಅವಮಾನವೆನ್ನಿಸಿತು. ಅವನು ಬೈಯಲು ಶುರುಮಾಡಿದ. ಮಂಗಾ ಓದೋರು ಪುಸ್ತಕ ತೆಗೆಯೋದೇ ಹಿಂದಿನಿಂದ, ಸುಮ್ಮನಿರಲೇ, ಎಂದ ರಾಮಾಂಜನೇಯ.

ಸೂಚನೆಯ ಚೌಕವನ್ನು ಅವಳು ಮೊಳಕಾಲ್ಮೂರಿನಲ್ಲೇ ಬರೆದಳು. ಅಪ್ಪನನ್ನು ಗುಂಡಿಯ ಅಂಚಿನಲ್ಲಿ ಕೂರಿಸಿ, ಕಾಲು ಇಳಿಸುವಾಗ ಹಾಗೇ ನಿಲ್ಲಿಸಿ ಎಂದು ಗೋಳುಹೊಯ್ದುಕೊಂಡಳು. ಗುಂಡಿಯೊಳಗಿನ ಹಲಗೆ ತುಳಿದು ತುಳಿದು ಅಗಲವಾದ ಪಾದ, ಒಡೆದ ಹಿಮ್ಮಡಿ, ಹೊರಕ್ಕೆ ವಾಲಿದ ಹೆಬ್ಬೆರಳು. ಎಷ್ಟು ಹಾಳೆ ಹರಿದಳೋ. ಕೊನೆಗೆ ಒಂದು ನಿಂತಿತು: ಗುಂಡಿಯೊಳಕ್ಕೆ ಇಳಿಯುತ್ತಿರುವ ಎರಡು ಪಾದ, ಬೆರಳು ಕೆಳಮುಖ. ಪಕ್ಕದಲ್ಲಿ ಬರೆದಳು: 'ನೀವು ತುದಿಯಲ್ಲಿ ನಿಂತಿದ್ದೀರಿ. ಕೆಳಗಿಳಿಯಿರಿ, ಮೊದಲ ಚೌಕ ಅಲ್ಲಿದೆ.' ಅದನ್ನು ಎಲ್ಲಕ್ಕಿಂತ ಮೇಲೆ ಅಂಟಿಸಿದಳು. ಎಲ್ಲಕ್ಕಿಂತ ಕೆಳಗೆ, ಅಟ್ಟದ ಕತ್ತಲೆಯ ಬುಡದಲ್ಲಿ, ಶುರು ಮಾಡುವ ಕಡೆ, ಪದ್ಮಶ್ರೀ ಸೂರಪ್ಪ, ಮೊಳಕಾಲ್ಮೂರು ಎಂದು ಬರೆದಳು.

ಅಂಗಡಿಯಲ್ಲಿ ಅದನ್ನು ಸ್ಕ್ಯಾನ್ ಮಾಡುವ ಮುಂಚೆ ರಾಮಾಂಜನೇಯ ಹಾಳೆಯನ್ನು ಬೆಳಕಿಗೆ ಹಿಡಿದು ಪಾದಗಳನ್ನು ಬಹಳ ಹೊತ್ತು ನೋಡಿದ. ಎಡಗಾಲಿನ ಕಿರುಬೆರಳು ಸರಿಯಿಲ್ಲ ಎಂದ. ಅವಳು ನೋಡಿದಳು, ಸರಿಯಿರಲಿಲ್ಲ.

"ಹೆಬ್ಬೆರಳು?" ಎಂದಳು.

"ಹೆಬ್ಬೆರಳು ಸರಿ ಐತೆ," ಎಂದು ಅವನು ಹಾಳೆಯನ್ನು ಮಹಾಂತೇಶನಿಗೆ ಕೊಟ್ಟ.