ಪಿನ್: ನಾಮಪದ

‘ಎರಡನ್ನು ಒಂದಾಗಿ ಹಿಡಿದಿಡುವ ಚೂಪಾದ ತಂತಿ’ ಎಂದು ಬರೆದು ಅವನು ‘ಒಂದಾಗಿ’ಯನ್ನು ಹೊಡೆದುಹಾಕಿದ. ಹಿಡಿದಿಟ್ಟ ಮಾತ್ರಕ್ಕೆ ಒಂದಾಗುತ್ತವೆಯೇ? ನಿಘಂಟು ಕಚೇರಿಯಲ್ಲಿ ಹನ್ನೊಂದು ವರ್ಷ ಕುರ್ಚಿ ಸವೆಸಿದವನಿಗೆ ಅಷ್ಟಾದರೂ ಗೊತ್ತಿರಬೇಕು.

ಮೂರು ದಿನದಿಂದ ಈ ಪದ ಅವನ ತಲೆ ತಿನ್ನುತ್ತಿತ್ತು. ಬಟ್ಟೆಯ ಪಿನ್ನು, ಕಾಗದದ ಪಿನ್ನು, ಕೂದಲಿನ ಪಿನ್ನು, ಪ್ಲಗ್ಗಿನ ಪಿನ್ನು, ಮುರಿದ ಮೂಳೆಗೆ ಹಾಕುವ ಪಿನ್ನು, ಬ್ಯಾಂಕ್ ಕಾರ್ಡಿನ ಗುಟ್ಟಿನ ನಾಲ್ಕಂಕಿ. ಮೊದಲ ಅರ್ಥಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ. ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಅಂಗಿಯ ಎದೆಯ ಗುಂಡಿ ಕಿತ್ತುಬಂದಿತ್ತು. ಹೆಂಡತಿ ಬಚ್ಚಲಲ್ಲಿ ಮಗುವಿಗೆ ನೀರು ಹಾಕುತ್ತಿದ್ದಳು. ಕೇಳಿದರೆ ಒಂದಕ್ಕೆ ಹತ್ತು ಮಾತು ಬರುತ್ತದೆಂದು, ಮಂಚದ ಮೇಲೆ ಸಿಕ್ಕಿದ ಪಿನ್ನನ್ನು ಒಳಗಿನಿಂದ ಚುಚ್ಚಿಕೊಂಡು, ಹೇಳದೆ ಕೇಳದೆ ಬಂದುಬಿಟ್ಟಿದ್ದ.

‘ಅವನು ಅಂಗಿಗೆ ಪಿನ್ ಹಾಕಿಕೊಂಡ’ ಎಂದು ಚೀಟಿಯಲ್ಲಿ ಬರೆದ.

“ಇದೂ ಕನ್ನಡ ಪದಾನೇನ್ರೀ?” ಸಂಪಾದಕರು ಕನ್ನಡಕದ ಮೇಲಿಂದ ನೋಡಿದರು.

“ಎಲ್ಲರ ಬಾಯಲ್ಲೂ ಇದೆ ಸಾರ್. ‘ಪಿನ್ ಟು ಪಿನ್ ಹೇಳಿದ’ ಅಂತಾರಲ್ಲ.”

“ಬಾಯಿಗೆ ಬಂದಿದ್ದೆಲ್ಲಾ ನುಂಗೋಕಾಗುತ್ತಾ?”

ಆಗಲೇ ಫೋನು ನಡುಗಿತು. ಹೆಂಡತಿ. ಸಂಪಾದಕರ ಎದುರು ಸಂಕೋಚವಾಗಿ ಕಟ್ ಮಾಡಿದ. ಹಿಂದೆಯೇ ಮೆಸೇಜು ಬಂತು: ‘ಪಿನ್ ಕಾಣ್ತಿಲ್ಲ. ಗೊತ್ತಿದ್ರೆ ಬೇಗ ಹೇಳಿ.’

ಕಾರ್ಡಿನ ಅಂಕಿಗಳನ್ನು ಎಲ್ಲೋ ಬರೆದಿಟ್ಟು ಕಳೆದುಕೊಳ್ಳುವುದು ಅವಳಿಗೆ ಹೊಸದಲ್ಲ. ನಾಲ್ಕಂಕಿ ಕಳಿಸಿ ಫೋನನ್ನು ಡ್ರಾಯರಿಗೆ ಹಾಕಿದ. ಅದು ಅವರ ಮದುವೆಯ ಇಸವಿ. ಅದನ್ನೂ ಮರೆತಳಲ್ಲ ಎಂದು ತುಸು ಬೇಜಾರೂ ಆಯಿತು.

ಎರಡು ಗಂಟೆಗೆ ಊಟದ ಡಬ್ಬಿ ತೆಗೆಯಲು ಡ್ರಾಯರು ಎಳೆದರೆ ಹೆಂಡತಿಯ ಏಳು ಮಿಸ್ಡ್ ಕಾಲ್‌ಗಳು. ನೋಡುತ್ತಿದ್ದಂತೆ ಎಂಟನೆಯದು ಬಂತು, ಅತ್ತೆಯದು.

“ಎಲ್ಲಿದೀರಪ್ಪಾ? ಮಗು ಪಿನ್ ನುಂಗಿಬಿಟ್ಟಿದೆ ಅನ್ಸುತ್ತೆ. ಅದರ ಫ್ರಾಕಿಂದು. ಮಂಚದ ಮೇಲಿಟ್ಟಿದ್ದು ಮಾಯ! ಒಂದೇ ಸಮ ಅಳು, ವಾಂತಿ ಬೇರೆ. ಎಕ್ಸ್‌ರೇಗೆ ಒಳಗೆ ಕರ್ಕೊಂಡು ಹೋಗಿದಾರೆ.”

ಅವನ ಕೈ ಎದೆಗೆ ಹೋಯಿತು. ಪಿನ್ನು ಅಲ್ಲೇ ಇತ್ತು.

ಹೋದ ಜೀವ ಬಂದಂತಾಯಿತು. ಮಗುವಿಗೆ ಏನೂ ಆಗಿಲ್ಲ. ಇಡೀ ಊರಿನಲ್ಲಿ ಅದು ಗೊತ್ತಿದ್ದವನು ಅವನೊಬ್ಬನೇ. ನಾಲ್ಕು ಮಾತು ಹೇಳಿದ್ದರೆ ಆಗುತ್ತಿತ್ತು. ಬಾಯಿ ತೆರೆದ.

“ಬರ್ತೀನಿ,” ಎಂದ.

ಬಿದ್ದೆನೋ ಎದ್ದೆನೋ ಎಂದು ಓಡಿದ. ದಾರಿಯುದ್ದಕ್ಕೂ ಮೊದಲ ವಾಕ್ಯವನ್ನು ತಿದ್ದುತ್ತ ಹೋದ. ಆಸ್ಪತ್ರೆ ತಲುಪುವಾಗ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದಿದ್ದರು. ಒಂದು ಗೇಣಿನಷ್ಟು ಪಕ್ಕೆಲುಬು, ಬೇರೇನಿಲ್ಲ.

“ಪಿನ್ನೂ ಇಲ್ಲ, ಗಿನ್ನೂ ಇಲ್ಲ. ಅಜೀರ್ಣ ಅಷ್ಟೆ. ಮನೆಗೆ ಹೋಗಿ.”

ಅತ್ತೆ ಕುಸಿದು ಕೂತು ಅತ್ತರು. ಹೆಂಡತಿ ನಗತೊಡಗಿದಳು. “ಪಿನ್ ಕಾಣ್ತಿಲ್ಲ ಅಂದ್ರೆ ನಂಬರ್ ಕಳಿಸ್ತೀರಲ್ರೀ! ನಿಮ್ಮ ಡಿಕ್ಷನರಿಗೆ ಬೆಂಕಿ ಹಾಕ!” ಅವನೂ ನಕ್ಕ, ಅಳುವಿನ ನಡುವೆಯೇ ಅತ್ತೆಯೂ ನಕ್ಕರು. ಎಷ್ಟೋ ದಿನದ ಮೇಲೆ ಮೂವರೂ ಒಂದೇ ವಿಷಯಕ್ಕೆ ನಗುತ್ತಿದ್ದರು. ಮೈಯೆಲ್ಲ ಹಗುರವಾಯಿತು. ಈ ನಗುವನ್ನು ಕೆಡಿಸುವುದು ಹೇಗೆ?

“ಹಾಗಾದ್ರೆ ಆ ಪಿನ್ನು ಎಲ್ಲಿ ಹೋಯ್ತು?” ಅತ್ತೆ ಕಣ್ಣೊರೆಸಿಕೊಂಡರು.

“ಎಲ್ಲೋ ಬಿದ್ದಿರುತ್ತೆ,” ಎಂದ ಅವನು.

“ಹಿಡ್ಕೊಳ್ಳಿ, ಮುಖ ತೊಳ್ಕೊಂಡು ಬರ್ತೀನಿ.” ಹೆಂಡತಿ ಮಗುವನ್ನು ಅವನ ಕೈಗಿಟ್ಟಳು.

ತೆಗೆದುಕೊಳ್ಳುತ್ತ ಬಾಗಿದಾಗ ಎದೆಯ ಬಳಿ ಚುರ್ರೆಂದಿತು. ಓಡಿಬಂದ ರಭಸಕ್ಕೆ ಪಿನ್ನು ಬಿಚ್ಚಿಕೊಂಡು ಮೊನೆ ಬಟ್ಟೆಯಿಂದಾಚೆ ಬಂದಿತ್ತು. ಅವನು ಮಗುವನ್ನು ತೋಳಿನಷ್ಟು ದೂರಕ್ಕೆ ಎತ್ತಿ ಹಿಡಿದ.

“ಎದೆಗೆ ಹಾಕ್ಕೊಳ್ರೀ, ಹೆದರಿಬಿಟ್ಟಿದೆ ಅದು,” ಹೆಂಡತಿ ನಲ್ಲಿಯ ಹತ್ತಿರದಿಂದ ಕೂಗಿದಳು.

“ಹ್ಞೂ.”

ಮಗು ಎರಡೂ ಕೈ ಚಾಚಿ ಅವನ ಕಡೆಗೆ ಹಾರಲು ನೋಡಿತು. ಅವನು ಇನ್ನೊಂದಿಷ್ಟು ದೂರ ಹಿಡಿದ. ತೋಳು ನೋಯತೊಡಗಿದವು.