ಹನ್ನೊಂದನೆಯ ನಮಸ್ಕಾರ

ಕಮಲಾಪುರದ ಮಠದಲ್ಲಿ ಪೂಜೆ ಮಾಡುವ ಧೀರೇಂದ್ರಾಚಾರ್ಯರು ಕಾಲುನೋವೆಂದು ಬಂದವರಿಗೆಲ್ಲ ಒಂದೇ ಸೇವೆ ಹೇಳುತ್ತಿದ್ದರು: ನಲವತ್ತೆಂಟು ದಿನ, ದಿನಕ್ಕೆ ನೂರೆಂಟು ನಮಸ್ಕಾರ. ತಮ್ಮ ಕಾಲೇ ಸೋಲತೊಡಗಿದಾಗ ತಾವೂ ಅದನ್ನೇ ಹಿಡಿದರು; ನಲವತ್ತೆಂಟು ದಿನ ಕಳೆದರೂ ಬಿಡಲಿಲ್ಲ. ಊರಿಗೆ ಕೊಟ್ಟ ಔಷಧ ತಾವು ಕುಡಿಯದಿದ್ದರೆ ಹೇಗೆ? ಆದರೆ ಸೇವೆ ಮುಗಿಸಿ ಎದ್ದಾಗಲೆಲ್ಲ ಕಾಲು ಇನ್ನಷ್ಟು ಸೋಲುತ್ತಿತ್ತು. ಕೂತು ಸುಧಾರಿಸಿಕೊಂಡರೆ ತುಸು ಬಲ ಬರುತ್ತಿತ್ತು. ಇದನ್ನು ಹೆಂಡತಿ ಶುಭದಾಗೂ ಹೇಳಲಿಲ್ಲ. ಸೇವೆಯಿಂದ ಕಾಲು ಹೋಯಿತೆಂದು ಪೂಜೆ ಮಾಡುವವನೇ ಅಂದರೆ ದೇವರ ಮಾನ ಏನಾಗಬೇಕು!

ಕೋಲು ಹಿಡಿಯುವ ಹೊತ್ತಿಗೆ ಶುಭದಾ ಅವರನ್ನು ಕಲಬುರಗಿಗೆ, ಬೆನ್ನುಹುರಿಯ ಆಪರೇಷನ್ ಮಾಡುವ ಡಾಕ್ಟರ್ ಪಂಚಶೀಲಾ ಹತ್ತಿರ ಎಳೆದೊಯ್ದರು.

"ಕಾಲು ಯಾವಾಗ ಭಾಳ ಸೋಲ್ತಾವರೀ ಆಚಾರ್ರ?"

"ಯಾವಾಗ್ಲೂ ಒಂದೇ ನಮೂನಿರೀ ಬಾಯಾರ."

ಪಂಚಶೀಲಾ ಜಡ್ಡುಗಟ್ಟಿದ ಆ ಮೊಣಕಾಲುಗಳನ್ನೇ ನೋಡಿದರು. "ದಿನಾ ಎಷ್ಟು ನಮಸ್ಕಾರ?"

"ನೂರೆಂಟು," ಅಂದರು ಶುಭದಾ.

"ಇಲ್ಲೇ ಹಾಕ್ರಿ, ನೋಡೂಣು. ನನಗಲ್ಲ, ಆ ಗೋಡೀಗೆ."

ಹತ್ತರವರೆಗೆ ಆಚಾರ್ಯರು ಹಟ ಹಿಡಿದು ಎದ್ದರು. ಹನ್ನೊಂದನೆಯದಕ್ಕೆ ಏಳಲಾಗಲಿಲ್ಲ. ನೆಲಕ್ಕೆ ಕೆನ್ನೆ ಹಚ್ಚಿಕೊಂಡೇ ಅತ್ತರು. "ದಿನಾ ಹಿಂಗೇ ಆಗ್ತದರೀ. ಕೂತು ಕೂತು ನೂರೆಂಟು ಮುಗಸ್ತೀನಿ. ಎರಡು ತಿಂಗಳಾತು, ಬಾಯಿ ಬಿಡಲಿಲ್ಲ."

ಎಂಆರ್‌ಐನಲ್ಲಿ ಬೆನ್ನುಹುರಿಯ ಹಿಂದೆ ಉಬ್ಬಿದ ರಕ್ತನಾಳಗಳು ಅಂಕುಡೊಂಕಾಗಿ ಕಂಡವು. ತೊಡೆಸಂದಿನಿಂದ ಸಣ್ಣ ನಳಿಗೆ ತೂರಿಸಿ, ರಕ್ತನಾಳ ಎದ್ದು ಕಾಣಿಸುವ ಔಷಧ ಬಿಟ್ಟು ಚಿತ್ರ ತೆಗೆದಾಗ ಮೂಲವೂ ಸಿಕ್ಕಿತು. ಹುರಿಯ ಹೊದಿಕೆಯಲ್ಲಿ ಒಂದು ಅಪಧಮನಿ ನೇರ ಅಭಿಧಮನಿಗೆ ಕೂಡಿಕೊಂಡಿತ್ತು.

"ಹೊಲದಾಗ ನೀರು ನಿಂತ್ರ ತೊಗರಿ ಬೇರು ಕೊಳೀತದಲ್ರೀ, ಹಂಗ ರಕ್ತ ನಿಂತು ಹುರಿ ಕೆಡಾಕತ್ತದ," ಅಂದರು ಪಂಚಶೀಲಾ. "ಬಗ್ಗಿ ದಣಿದಾಗ ಮತ್ತಿಷ್ಟು ಒತ್ತತದ."

"ಮತ್ತ ನಡೀತೀನೇನ್ರೀ?"

"ಇನ್ನ ಕೆಡದಂಗ ತಡೀತೀನಿ. ಹೋದದ್ದೆಲ್ಲ ವಾಪಸ್ ಬರ್ತದಂತ ಹೇಳಲಾರೆ. ಎರಡು ತಿಂಗಳ ಹಿಂದ ಹೇಳಿದ್ರ ಛಲೋ ಇತ್ತು."

ಬೆನ್ನು ತೆರೆದು, ಆ ಕೂಡಿದ ನಾಳಕ್ಕೆ ಚಿಕ್ಕ ಕ್ಲಿಪ್ ಹಾಕಿ ಕತ್ತರಿಸಿದರು. ತಿಂಗಳುಗಳ ಮೇಲೆ ಬಲಗಾಲಿನ ಶಕ್ತಿ ಪೂರ್ತಿ ಮರಳಿ ಬಂತು. ಎಡಗಾಲು ಅರ್ಧಕ್ಕೇ ನಿಂತಿತು.

ಮೊನ್ನೆ ಆಚಾರ್ಯರು ಆ ಕಾಲು ಎಳೆಯುತ್ತ ಮಠಕ್ಕೆ ಬಂದಾಗ ಭಕ್ತ ಗುಂಡಣ್ಣ ಕಾದು ಕೂತಿದ್ದ. "ಕಾಲು ಹಿಡದಾವ ಆಚಾರ್ರ. ಎಷ್ಟು ದಿನ ನಮಸ್ಕಾರ ಹಾಕ್ಲಿ?"

ಸುತ್ತ ಜನವಿತ್ತು. ಆಚಾರ್ಯರು ದನಿ ತಗ್ಗಿಸಲಿಲ್ಲ.

"ಮೊದಲು ಡಾಕ್ಟರಿಗೆ ತೋರಿಸು. ಕೇಳಿದ್ದಕ್ಕೆಲ್ಲ ಖರೇ ಹೇಳು. ದೇವರ ಮಾನ ಕಾಯಲಿಕ್ಕೆ ಹೋಗಿ ನಾ ಕಾಲು ಕಳಕೊಂಡೀನಿ. ಕಾಯಂತ ಅವ ಹೇಳಿದ್ದಿಲ್ಲಪಾ."