ಮೂವತ್ತೆರಡರ ಆಚೆ

ವರ್ನಾ ಟೆಶ್ ನಾಲ್ಕನೆಯ ಗುಂಡುಪಿನ್ನನ್ನು ಹಾಳೆಯ ಮೂಲೆಗೆ ಒತ್ತಿ ಹಿಂದೆ ಸರಿದಳು. ಆರಾಧನೆ ಮುಗಿದು ಹತ್ತು ನಿಮಿಷವೂ ಆಗಿರಲಿಲ್ಲ. ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದವರೆಲ್ಲ ಸೂಚನಾ ಫಲಕದ ಮುಂದೆ ನೆರೆದರು. ಪ್ರತಿ ವರ್ಷ ಏಪ್ರಿಲ್ ತಿಂಗಳ ಈ ಭಾನುವಾರ ಹೀಗೆಯೇ. ಬೆರಳುಗಳು ಮೇಲಿನಿಂದ ಕೆಳಗೆ ಜಾರುತ್ತವೆ, ಯಾರೋ ನಗುತ್ತಾರೆ, ಯಾರೋ ತಲೆಯಾಡಿಸುತ್ತಾರೆ, ವಾದ ಶುರುವಾಗುತ್ತದೆ. ಈ ಸಲ ಬೆರಳುಗಳು ಮೂವತ್ತೆರಡನೆಯ ಹೆಸರಿನವರೆಗೆ ಇಳಿದು, ಅಲ್ಲಿ ನಿಂತು, ಮತ್ತೆ ಮೇಲಕ್ಕೆ ಹೋಗಿ ನಿಧಾನವಾಗಿ ಇಳಿದವು.

ಮಾರ್ಲಿಸ್ ವೊಯಾನ್ ಎಲ್ಲರಿಗಿಂತ ಕೊನೆಗೆ ಫಲಕದ ಹತ್ತಿರ ಬಂದಳು. ಜನ ದಾರಿ ಬಿಟ್ಟರು.

"ನನ್ನ ಮಗನ ಹೆಸರು ಎಲ್ಲಿ ಕಣೆ?"

"ಇದರಲ್ಲಿ ಇಲ್ಲ, ಮಾರ್ಲಿಸ್."

"ಕನ್ನಡಕ ಹಾಕ್ಕೊಂಡು ಬರೆದ್ಯೋ, ತೆಗೆದಿಟ್ಟು ಬರೆದ್ಯೋ?"

ಒಂದಿಬ್ಬರು ನಕ್ಕರು. ವರ್ನಾ ನಗಲಿಲ್ಲ.

ಆಲ್ಡರ್ ಫಾಲ್ಸ್‌ನಲ್ಲಿ ಆ ಹಾಳೆಗೆ ಒಂದು ಬೆಲೆಯಿತ್ತು. ಅಮೆರಿಕನ್ ಫುಟ್‌ಬಾಲಿನ ಮೂವತ್ತೆರಡು ತಂಡಗಳು ವರ್ಷಕ್ಕೊಮ್ಮೆ, ಡ್ರಾಫ್ಟ್ ಎಂಬ ಆಯ್ಕೆಯಲ್ಲಿ, ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುತ್ತವೆ. ಗುರುವಾರ ಮೊದಲ ಸುತ್ತು, ಶುಕ್ರವಾರ ಎರಡು ಮತ್ತು ಮೂರನೆಯದು, ಉಳಿದ ನಾಲ್ಕು ಶನಿವಾರ. ಯಾವ ತಂಡ ಯಾರನ್ನು ಕರೆಯುತ್ತದೆ ಎಂದು ಮುಂಚೆಯೇ ಹೇಳುವವರು ಊರೂರಿಗೂ ಇದ್ದಾರೆ. ವಿಸ್ಕಾನ್ಸಿನ್ನಿನ ಈ ಮೂಲೆಯಲ್ಲಿ ಹೇಳುವವಳು ವರ್ನಾ. ಅವಳು ಮೂವತ್ತೊಂದು ವರ್ಷ ನದಿಯಾಚೆಯ ಪೇಪರ್ ಮಿಲ್ಲಿನಲ್ಲಿ ಹಾಳೆಗಳನ್ನು ಬೆಳಕಿಗೆ ಹಿಡಿದು ದೋಷ ಹುಡುಕಿದವಳು. ತೂತು, ಗಂಟು, ನಾರು ತೆಳುವಾದ ಜಾಗ, ಒಂದೂ ಅವಳ ಕಣ್ಣು ತಪ್ಪುತ್ತಿರಲಿಲ್ಲ. ಗಂಡ ತೀರಿಕೊಂಡ ವರ್ಷ, ಭಾನುವಾರದ ಆಟಗಳನ್ನು ಒಬ್ಬಳೇ ನೋಡಲಾರದೆ, ಆಟಗಾರರ ಬಗ್ಗೆ ರಟ್ಟಿನ ಚೀಟಿಗಳನ್ನು ಬರೆದು ಶೂ ಡಬ್ಬಿಯಲ್ಲಿ ಜೋಡಿಸತೊಡಗಿದಳು. ಈಗ ಅಂಥ ಡಬ್ಬಿಗಳು ಹದಿನಾರು. ಹೋದ ವರ್ಷ ಅವಳು ಬರೆದ ಹೆಸರುಗಳಲ್ಲಿ ಇಪ್ಪತ್ತಾರು ಮೊದಲ ಸುತ್ತಿನಲ್ಲೇ ಕೇಳಿಬಂದವು.

ಮಾರ್ಲಿಸ್‌ಳ ಮಗ ಕೋಲ್ಟನ್ ಈ ಊರಿನಿಂದ ಡ್ರಾಫ್ಟಿಗೆ ನಿಂತವರಲ್ಲಿ ಎರಡನೆಯವನು. ಚಿಕ್ಕ ಕಾಲೇಜಿನ ಆಟಗಾರ. ಸಾಲಿನ ಅಂಚಿನಲ್ಲಿ ನಿಂತು, ಚೆಂಡು ಎಸೆಯುವವನ ಮೇಲೆ ಯಾರೂ ಬೀಳದಂತೆ ತಡೆಯುವುದು ಅವನ ಕೆಲಸ. ಗುರುವಾರವೇ ಅವನ ಹೆಸರು ಬರುತ್ತದೆ ಎಂದು ಊರು ತೀರ್ಮಾನಿಸಿಬಿಟ್ಟಿತ್ತು. ಅಂದು ಸಂಜೆಗೆ ಈ ನೆಲಮಾಳಿಗೆಯನ್ನು ಕಾದಿರಿಸಿ, ಇನ್ನೂರು ಜನಕ್ಕೆ ಕೇಕು ಹೇಳಿಯಾಗಿತ್ತು. ಟೀವಿಯವರು ಕ್ಯಾಮೆರಾ ತರುತ್ತೇವೆ ಅಂದಿದ್ದರು. ಉಳಿದದ್ದು ವರ್ನಾಳ ಹಾಳೆಯೊಂದೇ.

"ಗುರುವಾರ ಬೇಡ," ಅಂದಳು ವರ್ನಾ. "ಶುಕ್ರವಾರ ಇಟ್ಕೊಳ್ಳೋಣ."

"ಶುಕ್ರವಾರ ಇಲ್ಲಿ ಊರೂಟಕ್ಕೆ ಮೀನು ಕರೀತಾರೆ. ಆ ಎಣ್ಣೆ ವಾಸನೇಲಿ ಕೂತ್ಕೊಂಡು ನನ್ನ ಮಗ ತಂಡದವರ ಫೋನ್ ತಗೋಬೇಕಾ?"

"ಗುರುವಾರ ಫೋನ್ ಬರಲ್ಲ."

ಮಾರ್ಲಿಸ್ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟಳು. ನಲವತ್ತು ವರ್ಷ ಚರ್ಚಿನ ಹಾಡುಗಾರರ ಒಂದೇ ಸಾಲಿನಲ್ಲಿ ಕೂತು ಹಾಡಿದವರು ಇಬ್ಬರೂ. ಮಾರ್ಲಿಸ್‌ಳ ದನಿ ಏರಲಿಲ್ಲ, ಇಳಿಯಿತು.

"ನಿನ್ನ ಮಗನಿಗೆ ಆಗದ್ದು ನನ್ನ ಮಗನಿಗೂ ಆಗೋದು ಬೇಡ ಅಂತ ತಾನೇ?"

ಸುತ್ತ ನಿಂತವರು ತಮ್ಮ ತಮ್ಮ ಲೋಟಗಳೊಳಗೆ ನೋಡಿದರು. ವರ್ನಾ ಕೋಟು ಹಾಕಿಕೊಂಡು ಮೆಟ್ಟಿಲು ಹತ್ತಿದಳು.

ಹನ್ನೊಂದು ವರ್ಷದ ಹಿಂದೆ ಡ್ರಾಫ್ಟಿಗೆ ನಿಂತಿದ್ದವನು ಅವಳ ಮಗ ಕರ್ಟ್. ಆ ವರ್ಷ ಮಾತ್ರ ಅವಳು ಮೂವತ್ತೆರಡು ಹೆಸರಿಗೆ ನಿಲ್ಲದೆ ಏಳೂ ಸುತ್ತು ಬರೆದಿದ್ದಳು. ಕೊನೆಯ ಸುತ್ತಿನಲ್ಲಿ ಒಂದು ಕಡೆ ಕರ್ಟ್‌ನ ಹೆಸರಿತ್ತು. ಬರೆಯುವಾಗಲೇ ಕೈಗೆ ಗೊತ್ತಿತ್ತು, ಇದು ಕಣ್ಣು ಬರೆದದ್ದಲ್ಲ, ಆಸೆ ಬರೆದದ್ದು ಎಂದು. ಹಾಳೆ ನೋಡಿ ಜನ ನಂಬಿದರು. ಶನಿವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಈ ನೆಲಮಾಳಿಗೆಯಲ್ಲಿ ಕೂತರು. ಫೋನ್ ಬರಲಿಲ್ಲ. ಕೊನೆಗೆ ಒಬ್ಬೊಬ್ಬರೇ ಎದ್ದು, ತಮ್ಮ ಲೋಟ ತಾವೇ ತೊಳೆದಿಟ್ಟು ಹೋದರು. ಕರ್ಟ್ ಕುರ್ಚಿಗಳನ್ನೆಲ್ಲ ಮಡಚಿ ಗೋಡೆಗೆ ಒರಗಿಸಿದ. ಕೌಂಟಿಯ ರಸ್ತೆಗಳ ಹಿಮ ತೆಗೆಯುವ ಕೆಲಸ ಹಿಡಿದ, ಮದುವೆಯಾದ. ಆರಾಧನೆಗೆ ತಪ್ಪದೆ ಬರುತ್ತಾನೆ. ಮೆಟ್ಟಿಲಿಳಿದು ನೆಲಮಾಳಿಗೆಗೆ ಮಾತ್ರ ಆಮೇಲೆ ಒಂದು ದಿನವೂ ಬಂದವನಲ್ಲ. ತಾಯಿಗೆ ಒಂದು ಮಾತು ಅಂದವನೂ ಅಲ್ಲ.

ಸೋಮವಾರ ಬೆಳಿಗ್ಗೆ ವರ್ನಾ ಮಾರ್ಲಿಸ್‌ಳ ಮನೆಯ ಬಾಗಿಲು ತಟ್ಟಿದಳು. ಬೇಯಿಸಿದ ಖಾದ್ಯದ ತಟ್ಟೆ ಕೈಯಲ್ಲಿ ಇಲ್ಲದೆ ಆ ಮನೆಗೆ ಹೋದದ್ದು ಅದೇ ಮೊದಲು. ಕೋಟಿನ ಜೇಬಿನಲ್ಲಿ ಬಟ್ಟೆ ಅಳೆಯುವ ಟೇಪು ಇತ್ತು.

ಊರಿನ ನಂಬಿಕೆಯೆಲ್ಲ ನಿಂತಿದ್ದದ್ದು ಒಂದು ಅಂಕಿಯ ಮೇಲೆ. ಅಂಚಿನಲ್ಲಿ ನಿಲ್ಲುವವನಿಗೆ ತೋಳು ಉದ್ದ ಇರಬೇಕು. ಎದುರಾಳಿಯ ಕೈ ತನ್ನ ಎದೆ ಮುಟ್ಟುವ ಮೊದಲೇ ತನ್ನ ಕೈ ಅವನ ಎದೆ ಮುಟ್ಟಬೇಕು. ಮೂವತ್ತನಾಲ್ಕು ಇಂಚಿದ್ದರೆ ಎಲ್ಲರೂ ತಿರುಗಿ ನೋಡುತ್ತಾರೆ. ಕೋಲ್ಟನ್‌ನ ತೋಳು ಮೂವತ್ತೇಳು ಇಂಚು ಎಂದು ಊರಿನ ಪತ್ರಿಕೆ ದೊಡ್ಡದಾಗಿ ಅಚ್ಚು ಹಾಕಿತ್ತು. ಕ್ಷೌರದ ಅಂಗಡಿಯಲ್ಲಿ ಆ ತುಣುಕು ಕನ್ನಡಿಗೆ ಅಂಟಿಕೊಂಡಿತ್ತು. ಹದಿನಾರು ಡಬ್ಬಿ ತುಂಬ ತೋಳುಗಳ ಅಳತೆ ಇಟ್ಟುಕೊಂಡಿದ್ದ ವರ್ನಾ ಆ ಅಂಕಿಯನ್ನು ಎಲ್ಲೂ ಕಂಡಿರಲಿಲ್ಲ.

"ಪತ್ರಿಕೆಯವರಿಗೆ ಅಳತೆ ಕೊಟ್ಟಿದ್ದು ಯಾರು?" ಎಂದು ಕೇಳಿದಳು.

"ನಾನೇ. ಅವನ ಅಂಗಿ ಹೊಲಿಯೋಳು ನಾನಲ್ವಾ? ಅಂಗಡೀಲಿ ಸಿಗೋ ತೋಳು ಅವನಿಗೆ ಸಾಲಲ್ಲ."

"ಅಳೆದು ತೋರಿಸು, ನೋಡೋಣ."

ಕೋಲ್ಟನ್ ಅಡುಗೆಮನೆಯ ನಡುವೆ ನಿಂತ. ಅವನು ನಿಂತರೆ ಆ ಮನೆಯ ಕಿಟಕಿ ಮುಚ್ಚಿಹೋಗುತ್ತಿತ್ತು. ತಾಯಿ ಸ್ಟೂಲು ಹತ್ತಿ ಟೇಪಿನ ತುದಿಯನ್ನು ಅವನ ಕತ್ತಿನ ಹಿಂದೆ, ನಡುಮೂಳೆಯ ಮೇಲೆ ಇಟ್ಟಳು. ಅಲ್ಲಿಂದ ಭುಜ ದಾಟಿಸಿ, ಮೊಣಕೈ ಬಳಸಿ, ಮಣಿಕಟ್ಟಿಗೆ ತಂದಳು. ಅಂಗಿಯ ತೋಳಿಗೆ ಅಳೆಯುವುದೇ ಹಾಗೆ. ಮೂವತ್ತೇಳು. ಹೇಳಿ ಮುಗಿಸುವಷ್ಟರಲ್ಲಿ ಅವಳ ಬೆರಳು ಟೇಪಿನ ಮೇಲೆ ಹಾಗೇ ನಿಂತಿತು.

ವರ್ನಾ ಟೇಪು ಈಸಿಕೊಂಡಳು. ಭುಜದ ತುದಿಯ ಮೂಳೆಯಿಂದ ನಡುಬೆರಳ ತುದಿಯವರೆಗೆ ಹಿಡಿದಳು. ತಂಡದವರು ಅಳೆಯುವುದು ಹೀಗೆ. ಮೂವತ್ತೆರಡೂವರೆ. ಮತ್ತೊಮ್ಮೆ ಹಿಡಿದಳು. ಅಷ್ಟೇ.

"ನನಗೆ ಗೊತ್ತಿತ್ತು, ಮಿಸೆಸ್ ಟೆಶ್," ಅಂದ ಕೋಲ್ಟನ್. "ತಂಡದವರು ಮಾರ್ಚಿನಲ್ಲೇ ಅಳೆದು ಹೇಳಿದ್ರು. ಅಂಚಿನಿಂದ ಒಳಗೆ ಸರಿದು ನಿಲ್ಲಬೇಕಾಗುತ್ತೆ, ಸ್ವಲ್ಪ ಕಾಯಬೇಕಾಗುತ್ತೆ ಅಂದ್ರು. ಅಷ್ಟು ಹೊತ್ತಿಗೆ ಅಮ್ಮ ಇಡೀ ಊರಿಗೆ ಹೇಳ್ಬಿಟ್ಟಿದ್ದಳು."

ಮಾರ್ಲಿಸ್ ಸ್ಟೂಲಿನಿಂದ ಇಳಿದು ಅದರ ಮೇಲೇ ಕೂತಳು. ವರ್ನಾಳ ಕೈಯಿಂದ ಟೇಪನ್ನು ತೆಗೆದುಕೊಂಡು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ಕೇಕಿನ ವಿಚಾರ ಎತ್ತಿದಳು: ಗುರುವಾರಕ್ಕೆ ಹೇಳಿಯಾಗಿದೆ, ಹೆಸರು ಬರೆಸಿಯಾಗಿದೆ.

"ಶುಕ್ರವಾರ ಕತ್ತರಿಸೋಣ ಬಿಡಮ್ಮ," ಅಂದ ಮಗ. "ಮೀನು ತಿಂದ ಮೇಲೆ."

ವರ್ನಾ ತನ್ನ ಯೋಚನೆಯನ್ನು ಆಗ ಬಿಡಿಸಿ ಹೇಳಿದಳು. ಶುಕ್ರವಾರ ಜನ ಹೇಗಿದ್ದರೂ ಬರುತ್ತಾರೆ, ಮೀನಿಗಾಗಿ ಬರುತ್ತಾರೆ. ಮೂಲೆಯಲ್ಲಿ ಟೀವಿ ಇರಲಿ. ಫೋನ್ ಬಂದರೆ ಎದ್ದು ನಿಲ್ಲುತ್ತಾರೆ, ಬರದಿದ್ದರೆ ಉಂಡು ಮನೆಗೆ ಹೋಗುತ್ತಾರೆ. ಯಾರೂ ಯಾರ ಮುಖವನ್ನೂ ತಪ್ಪಿಸಬೇಕಾಗಿಲ್ಲ. ಕ್ಯಾಮೆರಾ ಬೇಡ.

ಬಾಗಿಲವರೆಗೆ ಬಂದ ಕೋಲ್ಟನ್ ಮೆಲ್ಲಗೆ ಕೇಳಿದ: "ಎಷ್ಟನೆಯವನಾಗಿ ಕರೀಬಹುದು, ನಿಮ್ಮ ಲೆಕ್ಕದಲ್ಲಿ?"

ಮೂವತ್ತೆರಡರ ಆಚೆಗೆ ಇನ್ನೆಂದೂ ಬರೆಯುವುದಿಲ್ಲ ಎಂದು ಹನ್ನೊಂದು ವರ್ಷದ ಹಿಂದೆ ದೇವರ ಮುಂದೆ ಹೇಳಿಕೊಂಡವಳು ಅವಳು. ಹುಡುಗ ಕಾಯುತ್ತ ನಿಂತಿದ್ದ. ಅವನಿಗೆ ಬೇಕಾದದ್ದು ಸಮಾಧಾನದ ಮಾತಲ್ಲ ಎಂಬುದು ಮುಖದಲ್ಲೇ ಇತ್ತು.

"ಬರೆದು ಹೇಳ್ತೀನಿ," ಅಂದಳು.

ಮಂಗಳವಾರ, ಬುಧವಾರ ಅವಳ ಅಡುಗೆಮನೆಯ ಮೇಜಿನ ಮೇಲೆ ಚೀಟಿಗಳು ಹರಡಿದ್ದವು. ಒಳಸಾಲಿಗೆ ಜನ ಬೇಕಾದ ತಂಡ ಯಾವುದು, ಯಾರ ಮೊಣಕಾಲು ಈ ಚಳಿಗಾಲ ಕೆಟ್ಟಿದೆ, ಯಾವ ಕೋಚು ಚಿಕ್ಕ ಕಾಲೇಜಿನವರನ್ನು ನಂಬುತ್ತಾನೆ. ಚೀಟಿ ಸರಿಸಿದಳು, ತಂದಿಟ್ಟಳು, ಮತ್ತೆ ಸರಿಸಿದಳು. ಕೋಲ್ಟನ್‌ನ ಚೀಟಿಯನ್ನು ಐದು ಸಲ ಮೇಲಕ್ಕೆ ಹತ್ತಿಸುವ ಆಸೆಯಾಯಿತು, ಐದು ಸಲವೂ ಎದ್ದು ಹೋಗಿ ಪಾತ್ರೆ ತೊಳೆದು ಬಂದಳು. ಅವಳು ದೇವರನ್ನು ಕೇಳಿದ್ದು ಒಂದೇ. ಹುಡುಗನಿಗೆ ಒಳ್ಳೆಯದಾಗಲಿ ಎಂದಲ್ಲ, ಅದನ್ನು ಕೇಳಲು ಅವನ ತಾಯಿ ಇದ್ದಳು. ನನ್ನ ಕಣ್ಣಿಗೆ ಆಸೆಯ ಪೊರೆ ಬರದ ಹಾಗೆ ನೋಡಿಕೋ, ಎಂದು ಕೇಳಿದಳು. ಬುಧವಾರ ಮಧ್ಯಾಹ್ನ ಎರಡನೆಯ ಹಾಳೆಯನ್ನು ಮೊದಲನೆಯದರ ಕೆಳಗೆ ಚುಚ್ಚಿ ಬಂದಳು. ಮೂವತ್ತಮೂರರಿಂದ ಅರವತ್ತನಾಲ್ಕು. ನಲವತ್ತೇಳನೆಯ ಸಾಲಿನಲ್ಲಿ ಕೋಲ್ಟನ್ ವೊಯಾನ್.

ಗುರುವಾರ ನೆಲಮಾಳಿಗೆಯ ದೀಪ ಹೊತ್ತಲಿಲ್ಲ. ಮೂವತ್ತೆರಡು ಹೆಸರು ಬಂದು ಹೋದವು. ಮಾರ್ಲಿಸ್ ತನ್ನ ಮನೆಯಲ್ಲಿ ಅಷ್ಟನ್ನೂ ಕೇಳಿಸಿಕೊಂಡಳು ಎಂದು ಆಮೇಲೆ ತಿಳಿಯಿತು.

ಶುಕ್ರವಾರ ನಾಲ್ಕು ಗಂಟೆಗೇ ಎಣ್ಣೆ ಕಾಯತೊಡಗಿತು. ವರ್ನಾ ಎಲೆಕೋಸಿನ ಸಲಾಡಿನ ಪಾತ್ರೆ ಹೊತ್ತು ಮೆಟ್ಟಿಲಿಳಿದಾಗ ಬಾಂಡಲೆಯ ಮುಂದೆ ಇಬ್ಬರ ಬೆನ್ನು ಕಾಣಿಸಿತು. ಒಂದು ಕೋಲ್ಟನ್‌ನದು. ಏಪ್ರನ್ನಿನ ದಾರ ಅವನ ಸೊಂಟಕ್ಕೆ ಸಾಲದೆ ಹಗ್ಗ ಸೇರಿಸಿ ಕಟ್ಟಿದ್ದರು. ಇನ್ನೊಂದು ಕರ್ಟ್‌ನದು. ಅವಳು ಪಾತ್ರೆಯನ್ನು ಕೈಯಲ್ಲೇ ಹಿಡಿದು ನಿಂತಳು.

ಹುಡುಗ ಹಿಂದಿನ ದಿನ ಕೌಂಟಿಯ ಹಿಮ ತೆಗೆಯುವ ಗಾಡಿಗಳ ಶೆಡ್ಡಿಗೆ ಹೋಗಿ ಕರ್ಟ್‌ನನ್ನು ಕಂಡಿದ್ದನಂತೆ. ನಾಳೆ ನನ್ನ ಜತೆ ಮೀನು ಕರಿಯೋಕೆ ಬರ್ತೀಯಾ ಎಂದು ಕೇಳಿದನಂತೆ. ನಾನೇ ಯಾಕೆ ಎಂದು ಕರ್ಟ್ ಕೇಳಿದ್ದಕ್ಕೆ, "ಫೋನ್ ಬರದಿದ್ರೆ ಏನು ಮಾಡಬೇಕು ಅಂತ ಗೊತ್ತಿರೋನು ಈ ಊರಲ್ಲಿ ನೀನೊಬ್ಬನೇ," ಅಂದನಂತೆ.

ಕರ್ಟ್ ಕೈಯ ಗ್ರೀಸು ಒರೆಸಿಕೊಳ್ಳುತ್ತ ಹೇಳಿದನಂತೆ: "ಕುರ್ಚಿ ಮಡಚಬೇಕು. ಅಷ್ಟೇ."

ಆರು ಗಂಟೆಗೆ ಎರಡನೆಯ ಸುತ್ತು ಶುರುವಾಯಿತು. ಪಾಸ್ಟರ್ ಊಟದ ಪ್ರಾರ್ಥನೆಯನ್ನು ಎಂದಿನಂತೆ ಚಿಕ್ಕದಾಗಿ ಮುಗಿಸಿದರು. ಜನ ಸಾಲಿನಲ್ಲಿ ನಿಂತು ತಟ್ಟೆ ತುಂಬಿಸಿಕೊಂಡರು: ಮೀನು, ಆಲೂಗೆಡ್ಡೆ, ಕಪ್ಪು ರೊಟ್ಟಿ. ಟೀವಿಯ ದನಿ ತಗ್ಗಿಸಿದ್ದರು. ಕೋಲ್ಟನ್ ಫೋನನ್ನು ಮೀನಿಗೆ ಹಚ್ಚುವ ಹಿಟ್ಟಿನ ಡಬ್ಬಿಗೆ ಒರಗಿಸಿ ಕೆಲಸ ಮಾಡುತ್ತಿದ್ದ. ನಲವತ್ತು ದಾಟಿತು. ನಲವತ್ತೈದು, ನಲವತ್ತಾರು. ನಲವತ್ತೇಳನೆಯ ಸರದಿ ಬಂದಾಗ ಮುಳ್ಳುಚಮಚಗಳ ಸದ್ದು ತಾನಾಗಿಯೇ ಕಡಿಮೆಯಾಯಿತು.

ಟೀವಿಯಲ್ಲಿ ಬೇರೆ ಹೆಸರು ಹೇಳಿದರು.

ಎಲ್ಲರೂ ತಮ್ಮ ತಟ್ಟೆಗಳ ಕಡೆ ತಿರುಗಿದರು. ಯಾರೋ ಉಪ್ಪು ಕೇಳಿದರು, ಯಾರೋ ಕೊಟ್ಟರು. ಕರ್ಟ್ ಇನ್ನೊಂದು ಜಾಲರಿ ಮೀನನ್ನು ಎಣ್ಣೆಗೆ ಇಳಿಸಿದ. ವರ್ನಾ ಮಡಿಲಲ್ಲಿ ಕೈ ಕಟ್ಟಿ ನೆಟ್ಟಗೆ ಕೂತಿದ್ದಳು. ಎದ್ದು ಹೋಗಬೇಕು ಅನ್ನಿಸಿತು, ಹೋಗಲಿಲ್ಲ. ನಲವತ್ತೆಂಟು. ನಲವತ್ತೊಂಬತ್ತು. ಮಾರ್ಲಿಸ್ ಎದುರಿನ ಕುರ್ಚಿಗೆ ಬಂದು ಕೂತಳು. ವರ್ನಾಳ ತಟ್ಟೆಯಿಂದ ಒಂದು ತುಂಡು ರೊಟ್ಟಿ ಮುರಿದುಕೊಂಡಳು, ಹಾಡಿನ ಅಭ್ಯಾಸದ ದಿನಗಳಲ್ಲಿ ಮುರಿದುಕೊಳ್ಳುತ್ತಿದ್ದ ಹಾಗೆ. ಐವತ್ತೆರಡು. ಐವತ್ತಮೂರು.

ಹಿಟ್ಟಿನ ಡಬ್ಬಿ ನಡುಗಿತು. ಕೋಲ್ಟನ್ ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕಿದ, ಸಿಗಲಿಲ್ಲ. ಕರ್ಟ್ ಫೋನನ್ನು ಎತ್ತಿ, ಗುಂಡಿ ಒತ್ತಿ, ಹುಡುಗನ ಕಿವಿಗೆ ಹಿಡಿದ. "ಹೌದು ಸರ್," ಅಂದ ಕೋಲ್ಟನ್. ಮತ್ತೆ "ಹೌದು ಸರ್". ಅವನ ಎರಡೂ ಕೈ, ಹಿಟ್ಟು ಮೆತ್ತಿದ್ದ ಕೈ, ಗಾಳಿಯಲ್ಲಿ ಎತ್ತಿದ ಹಾಗೇ ಇದ್ದವು. ಜನ ಎದ್ದು ನಿಂತರು, ಕೆಲವರು ಮುಳ್ಳುಚಮಚ ಹಿಡಿದೇ. ಮಾರ್ಲಿಸ್ ಕುರ್ಚಿಗಳ ನಡುವೆ ನುಗ್ಗಿ ಹೋದಳು. ಹಿಟ್ಟಿನ ಕೈಗಳು ಅವಳ ಬೆನ್ನಿನ ಮೇಲೆ ಎರಡು ಬಿಳಿ ಗುರುತು ಮಾಡಿದವು.

ಕೇಕು ಕತ್ತರಿಸುವ ಹೊತ್ತಿಗೆ ಕಿಟಕಿಯಾಚೆ ಇನ್ನೂ ಸ್ವಲ್ಪ ಬೆಳಕಿತ್ತು. ಮಾರ್ಲಿಸ್ ಒಂದು ತುಂಡು ತಂದು ವರ್ನಾಳ ಮುಂದಿಟ್ಟಳು.

"ಐವತ್ತನಾಲ್ಕು. ಏಳು ತಪ್ಪಿದ್ದೀಯ," ಅಂದಳು. "ಕನ್ನಡಕ ಬದಲಾಯಿಸ್ಕೋ."

"ಬದಲಾಯಿಸ್ತೀನಿ," ಅಂದಳು ವರ್ನಾ.

ಜನ ಕರಗಿದರು. ಕರ್ಟ್ ಬೆಂಕಿ ಆರಿಸಿ, ಏಪ್ರನ್ ಬಿಚ್ಚಿ, ಕುರ್ಚಿಗಳ ನಡುವೆ ನಡೆದು ಫಲಕದ ಹತ್ತಿರ ಹೋದ. ಎರಡನೆಯ ಹಾಳೆಯನ್ನು ಬಿಡಿಸಿಕೊಂಡ. ಮೇಲಿನಿಂದ ಕೆಳಗೆ ಓದಿದ. ಆಮೇಲೆ ಅದನ್ನು ಎರಡೂ ಕೈಯಲ್ಲಿ ಹಿಡಿದು, ಮೇಲೆತ್ತಿ, ಟ್ಯೂಬ್‌ಲೈಟಿನ ಬೆಳಕಿಗೆ ಒಡ್ಡಿದ. ಅವನು ಚಿಕ್ಕವನಿದ್ದಾಗ ಮಿಲ್ಲಿನ ಕಿಟಕಿಯಲ್ಲಿ ತಾಯಿ ಹಾಗೆ ನಿಂತದ್ದನ್ನು ನೋಡಿದ್ದ. ಎಡದಿಂದ ಬಲಕ್ಕೆ, ಅವಸರವಿಲ್ಲದೆ ನೋಡಿದ. ನೋಡಿ, ಹಾಳೆಯನ್ನು ಇದ್ದ ಜಾಗದಲ್ಲೇ ಇಟ್ಟು, ನಾಲ್ಕೂ ಮೂಲೆಗೆ ಪಿನ್ನು ಒತ್ತಿದ.